ಬೆನ್ನಜ್ಜಿ ಏಳಲಿಲ್ಲ

ಬೆಳಗಿನಿಂದ ಹೆಣ ಸಿಕ್ಕಿರಲಿಲ್ಲ. ಹೆಣ ಸಿಗದೆ ಶೂಟಿಂಗ್ ಇಲ್ಲ, ಮೊದಲ ಶಾಟ್ ಆಗದೆ ನಮಗೆ ತಿಂಡಿ ಇಲ್ಲ. ಸಿನಿಮಾದ ಗುಂಪಿನಲ್ಲಿ ನಿಂತು ಅಳುವ, ನಗುವ, ಓಡುವ ಕೂಲಿಯವರು ನಾವು. ಬಿಸಿಲಿನ ಅಂಗಳದಲ್ಲಿ ಹೊಟ್ಟೆ ಹಿಡಿದು ಕೂತಿದ್ದೆವು. ನಾಯಕನ ತಾಯಿ ಸತ್ತ ದೃಶ್ಯ. ನಿರ್ದೇಶಕರು ಮುದುಕಿಯರನ್ನು ಒಬ್ಬೊಬ್ಬರಾಗಿ ಮಂಚದ ಮೇಲೆ ಮಲಗಿಸಿ ನೋಡುತ್ತಿದ್ದರು.

"ಇವರು ತುಂಬಾ ಸತ್ತ ಹಾಗಿದ್ದಾರೆ."

"ಇವರು ಸಾಕಷ್ಟು ಸತ್ತಿಲ್ಲ."

ನನ್ನ ಸರದಿಯಲ್ಲಿ ನನಗೆ ಕೆಮ್ಮು ಬಂತು.

ಕೊನೆಗೆ ಬೆನ್ನಜ್ಜಿ ಮಲಗಿದಳು. ಎಷ್ಟೋ ಸಿನಿಮಾಗಳಲ್ಲಿ ಅವಳ ಬೆನ್ನು ಮಾತ್ರ ಕಂಡಿದೆ. ಆ ಹೆಸರು ಬಂದದ್ದೇ ಹಾಗೆ.

"ಮೊಮ್ಮಗಳು ಪ್ರತಿ ಸಲ ಪರದೆ ತುಂಬಾ ನನ್ನ ಹುಡುಕ್ತಾಳೆ ಕಣೇ. ಈ ಸಲ ಮುಖ ಸಿಗುತ್ತೆ!" ಎಂದು ಕಣ್ಣು ಮುಚ್ಚಿದಳು. ಮೂಗಿನ ಮೇಲೆ ನೊಣ ಕೂತರೂ ಅಲುಗಲಿಲ್ಲ.

"ಇವರೇ!" ನಿರ್ದೇಶಕರು ಕುಣಿದರು.

ಕ್ಯಾಮರಾದವನು ತನ್ನ ಕೊಡೆಯನ್ನು ಸದ್ದಿಲ್ಲದೆ ಅವಳ ಕಡೆಗೆ ವಾಲಿಸಿದ. ದೂರದ ಶಾಟ್ ಮುಗಿಯಿತು. ಇನ್ನು ಮುಖದ್ದು.

ಆಗ ನಿರ್ಮಾಪಕರ ಕಾರು ಬಂತು. ಜೊತೆಗೆ ಅವರ ಅತ್ತೆ, ತುಟಿಗೆ ಬಣ್ಣ ಹಚ್ಚಿಕೊಂಡು.

"ಮುಖದ ಶಾಟು ಅತ್ತೆಗೆ. ದುಡ್ಡು ಹಾಕಿರೋದು ಅವರೇ."

"ಸಾರ್, ದೂರದ ಶಾಟಲ್ಲಿ ಬೇರೆಯವರು..." ಎಂದರು ನಿರ್ದೇಶಕರು.

"ಹೆಣದ ಮುಖ ಯಾರು ನೋಡ್ತಾರ್ರೀ?"

"ಯಾರೂ ನೋಡದಿದ್ರೆ ಅತ್ತೆಯವ್ರದ್ದು ಯಾಕೆ ಸ್ವಾಮಿ?" ಎಂದಳು ನಮ್ಮಲ್ಲೊಬ್ಬಳು. ಗುಂಪು ಕಿಸಕ್ಕೆಂದಿತು.

ನಿರ್ದೇಶಕರು ಬಗ್ಗಿದರು. "ಅಜ್ಜಿ, ಏಳಿ. ನಿಮ್ಮ ಕೆಲಸ ಮುಗೀತು."

ಹೆಣ ಏಳಲಿಲ್ಲ.

"ಅಜ್ಜೀ!"

"ಸತ್ತೋರು ಎದ್ದು ಹೋಗೋದುಂಟೇನಪ್ಪಾ?" ತುಟಿ ಅಲುಗದಂತೆ ಹೇಳಿತು ಹೆಣ.

"ಎತ್ತಿ ಆಚೆಗಿಡ್ರೋ!" ನಿರ್ಮಾಪಕರು ಹೆಣ ಹೊರುವ ಪಾತ್ರದ ನಾಲ್ವರ ಮೇಲೆ ರೇಗಿದರು.

"ಜನ ಅತ್ತು ಮುಗಿಸ್ದೆ ಎತ್ತೋ ಹಾಗಿಲ್ಲ ಸಾರ್. ಕಥೇಲಿ ಹಾಗೇ ಅಲ್ವಾ ಇರೋದು?" ನಾಲ್ವರೂ ಕೈಕಟ್ಟಿ ನಿಂತರು.

ನಮಗೆ ಅಷ್ಟು ಸಾಕಿತ್ತು. ಎದೆ ಬಡಿದುಕೊಂಡು ಮಂಚ ಸುತ್ತಿ ಕೂತೆವು.

"ಅಯ್ಯೋ ನನ್ನಕ್ಕಾ, ತಿಂಡಿ ಇಲ್ದೆ ಸತ್ತ್ಯಲ್ಲೇ!"

"ಮುಖ ತೋರಿಸ್ದೆ ಹೊರಟ್ಯಲ್ಲೇ!"

"ಸತ್ತ ಮೇಲೂ ಏಳಿಸ್ತಾರಲ್ಲೇ!"

ನಗು ತಡೆಯಲು ಇನ್ನೂ ಜೋರಾಗಿ ಅತ್ತೆವು. ಅತ್ತೆಯವರ ತುಟಿಯೂ ನಡುಗಿತು. ಅವರು ಸೆರಗು ಬಾಯಿಗೆ ಅಡ್ಡ ಹಿಡಿದರು.

"ಕಟ್! ಕಟ್!" ನಿರ್ಮಾಪಕರು ಕಿರುಚಿದರು.

ಕ್ಯಾಮರಾದವನಿಗೆ ಆ ಹೊತ್ತಿಗೆ ಕಿವಿ ಕೇಳಿಸಲಿಲ್ಲ. ಕ್ಯಾಮರಾವನ್ನು ಬೆನ್ನಜ್ಜಿಯ ಮುಖದ ಹತ್ತಿರಕ್ಕೆ ತಂದಿದ್ದ. ಅದು ಓಡುತ್ತಲೇ ಇತ್ತು. ನಾವೂ ಅಳುತ್ತಲೇ ಇದ್ದೆವು. ಅವಳು ಮಾತ್ರ ಅಲುಗಲಿಲ್ಲ.