ಮೂರನೇ ಹಲಗೆಗೆ ತಂದ ಬಿಲ್ಲೆ

ಎರಡನೇ ಹಲಗೆಯೂ ತೂತಾಯಿತು!

ನಾನು ಹಿತ್ತಿಲಲ್ಲಿ ಮೀನು ತೊಳೆಯುತ್ತಿದ್ದೆ. ಕೆತ್ತುವ ಮೆಷಿನ್ನಿನ ಸದ್ದು ಇದ್ದಕ್ಕಿದ್ದಂತೆ ಬದಲಾಗಿದ್ದು ಅಲ್ಲಿಗೇ ಕೇಳಿಸಿತು. ತೇಗ ಕೊರೆಯುವ ಸದ್ದೇ ಬೇರೆ, ತೇಗ ಮುಗಿದು ಕೆಳಗಿನ ಮೇಜು ಕೊರೆಯುವ ಸದ್ದೇ ಬೇರೆ. ಮೀನು ಬಿಸಾಕಿ ಓಡಿದೆ, ಕೆಂಪು ಗುಂಡಿ ಗುದ್ದಿದೆ. ಮೆಷಿನ್ ನಿಂತಿತು. ಹೂಬಳ್ಳಿಯ ನಟ್ಟನಡುವೆ ಮುಷ್ಟಿ ತೂರುವಷ್ಟು ಕಂಡಿ ಬಿದ್ದಿತ್ತು.

"ಅಯ್ಯಯ್ಯೋ! ಪಾಕ್ನೆ, ಏನ್ ಮಾಡಿಟ್ರಿ ಇದು!"

"ನಾನೆಲ್ಲಿ ಮಾಡ್ದೆ ಬುನೆ? ಮೆಷಿನ್ ಮಾಡಿದ್ದು" ಅಂದರು ನನ್ನ ಗಂಡ. ಕೈಯಲ್ಲಿ ಹಬೆಯಾಡುವ ಕಾಫಿ ಲೋಟ. ಮುಖ ಮಾತ್ರ ಬಿಳಿಚಿಹೋಗಿತ್ತು.

ಅವರ ಹೆಸರು ಮಸ್ರುಕಿನ್. ಮಗಳು ಹುಟ್ಟಿದ ದಿನದಿಂದ ನಾನು ಆ ಹೆಸರು ಹಿಡಿದಿಲ್ಲ. ನನಗೆ ಅವರು ಪಾಕ್ನೆ, ಮಗಳ ಅಪ್ಪ. ಅವರಿಗೆ ನಾನು ಬುನೆ, ಮಗಳ ಅಮ್ಮ. ಮಗಳು ಮದುವೆಯಾಗಿ ಕುದುಸ್ ಪಟ್ಟಣ ಸೇರಿದರೂ ಹೆಸರು ಹಾಗೇ ಉಳಿದುಕೊಂಡಿದೆ.

ಯಾವುದೋ ಮರವಾಗಿದ್ದರೆ ನಾನು ಇಷ್ಟು ಎದೆ ಬಡಿದುಕೊಳ್ಳುತ್ತಿರಲಿಲ್ಲ. ನಮ್ಮ ಜೆಪಾರಾದಲ್ಲಿ ತೇಗಕ್ಕೇನು ಬರವೇ? ಆದರೆ ಇದು ಊರಿನ ಹಳೇ ಮಸೀದಿಯ ನಡುಗಂಬ. ಮಸೀದಿ ಕೆಡವಿದಾಗ ಈ ಕಂಬ ಮಾರಲು ಯಾರೂ ಬಿಟ್ಟಿರಲಿಲ್ಲ. ಸೀಳಿಸಿದಾಗ ಸಿಕ್ಕಿದ್ದು ಮೂರೇ ಹಲಗೆ. ಅದರಲ್ಲೊಂದನ್ನು ಕೆತ್ತಿ, ಹೊಸ ಮಸೀದಿಯಲ್ಲಿ ಶುಕ್ರವಾರದ ಪ್ರವಚನ ಕೊಡುವ ಪೀಠಕ್ಕೆ ಬೆನ್ನುಹಲಗೆ ಮಾಡಿಕೊಡಿ ಅಂತ ಮಸೀದಿಯ ಹಿರಿಯರು ಜುಮಾದಿಯವರು ನಮ್ಮನ್ನೇ ಹುಡುಕಿಕೊಂಡು ಬಂದಿದ್ದರು. "ಮಸ್ರುಕಿನ್ ಬೆರಳು ಮುಟ್ಟಿದ್ರೆ ಮರ ಮಾತು ಕೇಳುತ್ತೆ" ಅಂದಿದ್ದರು ಪುಣ್ಯಾತ್ಮರು. ಈಗ ಉಳಿದಿದ್ದು ಒಂದೇ ಹಲಗೆ. ಅದೂ ಹೋದರೆ ಊರವರ ಮುಂದೆ ತಲೆಯೆತ್ತಿ ಓಡಾಡುವುದು ಹೇಗೆ?

"ಕಾಗದ ಇಟ್ಟು ನೋಡಿದ್ರಿ ತಾನೆ?" ಅಂದೆ.

"ನೋಡ್ದೆ ಮಾರಾಯ್ತಿ. ಇನ್ನೆಷ್ಟು ಸಲ ಕೇಳ್ತೀಯ?"

ಮೆಷಿನ್ ಕುರುಡು. ಮರದ ಮೈ ಎಲ್ಲಿ ಶುರುವಾಗುತ್ತದೆ ಅಂತ ಪ್ರತಿ ಸಲ ಅದಕ್ಕೆ ತೋರಿಸಿಕೊಡಬೇಕು. ನಮ್ಮವರು ಅದಕ್ಕೆ ಸಿಗರೇಟು ಸುತ್ತುವ ಕಾಗದ ಬಳಸುತ್ತಾರೆ. ಹಲಗೆ ಮೇಲೆ ಕಾಗದವಿಟ್ಟು, ಕೊರೆಯುವ ಬಿಟ್ಟನ್ನು ನಿಧಾನ ಇಳಿಸುತ್ತ, ಬೆರಳಲ್ಲಿ ಕಾಗದವನ್ನು ಹಿಂದೆ ಮುಂದೆ ಎಳೆಯಬೇಕು. ಕಾಗದ ಬಿಗಿಯಿತು ಅಂತ ಬೆರಳಿಗೆ ಗೊತ್ತಾದ ಕ್ಷಣ ನಿಲ್ಲಿಸಬೇಕು. ಅದೇ ಮರದ ಮೈ. ಗೊತ್ತಾಗದೆ ಬಿಟ್ ಇನ್ನೂ ಇಳಿದರೆ ಇಡೀ ಕೆತ್ತನೆ ಅಷ್ಟೂ ಕೆಳಗಿಳಿಯುತ್ತದೆ, ಹಲಗೆ ತೂತು. ಪಾಕ್ನೆ ಕೈಯುಳಿ ಹಿಡಿದು ಬೆಳೆದವರು. ಕಣ್ಣು ಮುಚ್ಚಿ ಮುಟ್ಟಿ ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ಹೇಳುತ್ತಿದ್ದರು. ಮದುವೆಗೆ ಮುಂಚೆ ನನ್ನ ಕೈ ಹಿಡಿದು, "ಮೀನಿನ ಮುಳ್ಳು ಚುಚ್ಚಿದೆ, ಇಲ್ಲಿ" ಅಂತ ನನಗೇ ಕಾಣದ ಮುಳ್ಳು ತೆಗೆದಿದ್ದ ಗಂಡಸು ಇವರು. ನಾನು ಬಿದ್ದಿದ್ದೇ ಅಲ್ಲಿ.

ಹಾಗಾಗಿ ತಪ್ಪು ಮೆಷಿನ್ನಿನದೇ ಅಂತ ನಾನೂ ನಂಬಿದೆ.

"ನೋಡಿ, ಈ ಕಾಗದದಾಟ ಸಾಕು. ಬೀದಿಯಲ್ಲಿ ಎಲ್ಲರೂ ಟೂಲ್ ಸೆಟ್ಟರ್ ಇಟ್ಕೊಂಡಿದ್ದಾರೆ. ಎತ್ತರ ತಾನಾಗೇ ಹಿಡಿಯುತ್ತೆ. ಇವತ್ತೇ ಹೋಗಿ ತರೋಣ."

ಬೈಗುಳಕ್ಕೆ ಸಿದ್ಧಳಾಗೇ ಹೇಳಿದ್ದೆ. ಆ ಸಾಮಾನಿನ ಹೆಸರೆತ್ತಿದರೆ ಸಾಕು, "ಅದು ಬೆರಳಿಲ್ಲದವರು ತಗೊಳ್ಳೋದು" ಅಂತ ಹಂಗಿಸುತ್ತಿದ್ದ ಜನ ಇವರು.

"ಆಯ್ತು, ನಡಿ" ಅಂದರು.

ನನಗೆ ನಿಂತಲ್ಲೇ ಗರ ಬಡಿದಂತಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತಿಗೆ ಇಷ್ಟು ಬೇಗ ಹೂಂಗುಟ್ಟಿದ್ದು ಇದೇ ಮೊದಲು.

ಬೈಕಿನಲ್ಲಿ ಹೋದೆವು. ಅಂಗಡಿ ಮುಂದೆ ಇಳಿದಾಗ ನೋಡುತ್ತೇನೆ, ಇವರ ಎಡಗಾಲಲ್ಲಿ ಚಪ್ಪಲಿಯೇ ಇಲ್ಲ!

"ಎಲ್ರೀ ಚಪ್ಪಲಿ?"

ಅವರು ಕಾಲು ನೋಡಿಕೊಂಡರು. "ದಾರೀಲಿ ಬಿದ್ದಿರ್ಬೇಕು."

"ಬಿದ್ದಿದ್ದು ಗೊತ್ತಾಗ್ಲಿಲ್ವಾ? ಸುಡೋ ಬಿಸಿಲಲ್ಲಿ ಬರಿಗಾಲು ನೆಲಕ್ಕಿಟ್ಟಿದ್ದೀರಿ! ನಿಮ್ಮ ತಲೆ ಎಲ್ಲಿ ಮೇಯೋಕೆ ಹೋಗಿತ್ತು?"

"ಹಲಗೆ ಯೋಚನೆ ಕಣೆ, ಬಿಡು."

ಬಿಟ್ಟೆ. ಬೈಯುವುದನ್ನು ಮಾತ್ರ ಬಿಡಲಿಲ್ಲ, ಅಂಗಡಿ ಮೆಟ್ಟಿಲು ಹತ್ತುವವರೆಗೂ ಬೈದೆ.

ಅಂಗಡಿಯ ಕೊ ಹಾನ್, ಅಂದರೆ ಹಾನ್ ಅಣ್ಣ, ನಮಗೆ ಹಳಬರು. ಎರಡು ತರದ್ದು ತಂದು ಗಾಜಿನ ಮೇಲಿಟ್ಟರು. ಒಂದು ಬಿಸ್ಕತ್ತಿನಷ್ಟು ದೊಡ್ಡ ಲೋಹದ ಬಿಲ್ಲೆ. ಅದರಿಂದ ಎರಡು ತಂತಿ. ಒಂದರ ತುದಿಗೆ ಹಲ್ಲಿನ ಕ್ಲಿಪ್. "ಕ್ಲಿಪ್ಪನ್ನ ಬಿಟ್‌ಗೆ ಕಚ್ಚಿಸ್ಬೇಕು. ಬಿಟ್ ಇಳಿದು ಬಿಲ್ಲೆಗೆ ತಾಗಿದ್ರೆ ಮೆಷಿನ್ ನಿಲ್ಲುತ್ತೆ. ಲೋಹಕ್ಕೆ ಲೋಹ ತಾಗಿದ್ರೆ ಮಾತ್ರ, ನೆನಪಿರ್ಲಿ. ನಡುವೆ ಮರದ ಹೊಟ್ಟಿದ್ರೂ ನಿಲ್ಲಲ್ಲ."

ಇನ್ನೊಂದು ಡಬ್ಬಿಯ ಹಾಗೆ, ಮೇಲೆ ಗುಂಡಿ. "ಇದಕ್ಕೆ ಕ್ಲಿಪ್ ಬೇಡ. ಏನೇ ಒತ್ತಿದ್ರೂ ನಿಲ್ಲುತ್ತೆ, ಪೀಂ ಅಂತ ಕೂಗುತ್ತೆ, ದೀಪಾನೂ ಹತ್ತುತ್ತೆ."

"ಇದೇ ಬೇಕು" ಅಂದರು ಪಾಕ್ನೆ, ಡಬ್ಬಿಯ ಮೇಲೆ ಕೈಯಿಟ್ಟು.

"ಯಾಕೆ, ಮೊಮ್ಮಗನಿಗೆ ಆಟಕ್ಕಾ? ಕೂಗೋದು, ದೀಪ ಹತ್ತೋದು! ಒಳಗೆ ಸ್ಪ್ರಿಂಗು ಅಂತೆ. ನಮ್ಮ ಧೂಳಿಗೆ ತಿಂಗಳು ತಡೆಯುತ್ತಾ? ಈ ಬಿಲ್ಲೆಗೆ ಕೆಡೋಕೆ ಏನೂ ಇಲ್ಲ. ಬೀದಿಯವರೆಲ್ಲ ಇದನ್ನೇ ಇಟ್ಕೊಂಡಿರೋದು."

"ಕ್ಲಿಪ್ ಪದೇ ಪದೇ ಹಾಕ್ಬೇಕು ಬುನೆ."

"ಹಾಕಿ! ಅದಕ್ಕೇನು ಕುಸ್ತಿ ಮಾಡ್ಬೇಕಾ? ಎಲ್ಲಿ, ಹಾಕಿ ತೋರಿಸಿ."

ಕೊ ಹಾನ್ ಒಂದು ಬಿಟ್ ಕೊಟ್ಟರು. ಪಾಕ್ನೆ ಕ್ಲಿಪ್ ಹಿಡಿದರು, ಜಾರಿತು. ಮತ್ತೆ ಹಿಡಿದರು. ಅದು ಗಾಜಿನ ಮೇಲೆ ಬಿದ್ದು ಟಣ್ ಅಂತು. ನಾನು ನಗಲಿಕ್ಕೆ ಶುರುಮಾಡಿದೆ. "ನೋಡ್ರೀ ಕೊ, ಹೂವಿನ ಕೇಸರ ಕೆತ್ತೋ ಮಹಾಶಯರು! ಬೇಡ ಅಂದ್ರೆ ಬೇಡ ಅಂತ ಹೇಳ್ಬೇಕು, ನಾಟಕ ಯಾಕೆ?"

ಕೊ ಹಾನೂ ನಕ್ಕರು. ಪಾಕ್ನೆ ನಗಲಿಲ್ಲ. "ನಿನಗೆ ಯಾವುದು ಸರಿ ಅನ್ಸುತ್ತೋ ಅದನ್ನ ತಗೋ" ಅಂತ ಹೊರಗೆ ಹೋಗಿ ಬೈಕಿನ ಮೇಲೆ ಕೂತರು. ನಾನು ಗೆದ್ದೆ ಅಂದುಕೊಂಡು ಬಿಲ್ಲೆ ಕಟ್ಟಿಸಿಕೊಂಡೆ.

ಊಟ, ನಮಾಜು ಮುಗಿಸಿ ಮೂರನೇ ಹಲಗೆಯನ್ನು ಮೆಷಿನ್ನಿಗೆ ಕಟ್ಟಿದೆವು. ಮೊದಲು ಕಸ ಗುಡಿಸಿದೆ. ಬೆಳಿಗ್ಗೆಯ ಸಿಗರೇಟು ಕಾಗದ ಪೊರಕೆಗೆ ಸಿಕ್ಕಿತು. ನಡುವೆ ಸಣ್ಣ ತೂತಿತ್ತು. ಕಿಡಿ ಬಿದ್ದಿರಬೇಕು ಅಂದುಕೊಂಡು ಬುಟ್ಟಿಗೆ ಹಾಕಿದೆ.

ಕ್ಲಿಪ್ಪನ್ನು ನಾನೇ ಕಚ್ಚಿಸಿದೆ. ಬಿಲ್ಲೆಯನ್ನು ಹಲಗೆ ಮೇಲಿಟ್ಟೆ. ಹಲಗೆ ಕೊಂಚ ಡೊಂಕಿದ್ದರಿಂದ ಬಿಲ್ಲೆ ಅಲುಗಾಡುತ್ತಿತ್ತು. ಪಾಕ್ನೆ ಎಡಗೈ ಹೆಬ್ಬೆರಳಿಂದ ಅದನ್ನು ಅದುಮಿ ಹಿಡಿದು, ಬಲಗೈಯಲ್ಲಿ ರಿಮೋಟಿನ ಗುಂಡಿ ಒತ್ತಿದರು. ಬಿಟ್ ತಿರುಗುತ್ತಿರಲಿಲ್ಲ, ಸುಮ್ಮನೆ ಇಳಿಯತೊಡಗಿತು. ಈಟಿಯ ಹಾಗೆ ಚೂಪು ತುದಿಯ ಬಿಟ್ ಅದು. ಅವರ ಕಣ್ಣು ರಿಮೋಟಿನ ಅಂಕಿಗಳ ಮೇಲಿತ್ತು. ನಾನು ಹಲಗೆಯ ಆ ಬದಿ ಹಿಡಿದು ನಿಂತಿದ್ದೆ.

"ಇನ್ನೂ ನಿಲ್ಲಲಿಲ್ವಲ್ಲ" ಅಂದರು.

"ನಿಲ್ಲುತ್ತೆ, ಇರಿ."

"ನೀನು ತಂದಿರೋ ಬಿಲ್ಲೆ ಸರಿಯಿಲ್ಲ ಕಣೆ, ಅಂಕಿ ಇಳೀತಾನೇ ಇದೆ" ಅಂದರು ಆರಾಮಾಗಿ.

ಬಗ್ಗಿ ನೋಡಿದೆ.

ಬಿಟ್ಟಿನ ತುದಿ ಬಿಲ್ಲೆಯ ಮೇಲಿರಲಿಲ್ಲ. ಅವರ ಹೆಬ್ಬೆರಳ ಉಗುರಿನೊಳಗಿತ್ತು. ಉಗುರು ಸೀಳಿ, ಸುತ್ತಲೂ ರಕ್ತ ಉಕ್ಕಿ, ಬಿಲ್ಲೆಯಿಂದ ಹಲಗೆಗೆ ಹರಿಯುತ್ತಿತ್ತು. ಮೆಷಿನ್ ಇನ್ನೂ ಇಳಿಯುತ್ತಲೇ ಇತ್ತು. ಅದಕ್ಕೆ ಗೊತ್ತಿರುವುದು ಲೋಹ, ಮಾಂಸ ಅಲ್ಲ. ಇವರು ರಿಮೋಟ್ ನೋಡುತ್ತ ನಿಂತಿದ್ದಾರೆ! ಹುಬ್ಬು ಸಹ ಗಂಟಿಕ್ಕಿಲ್ಲ!

"ಬೆರಳು! ಬೆರಳು ರೀ!" ಅಂತ ಚೀರಿದೆ.

ಅವರು ಗಾಬರಿಯಾಗಿ ನೋಡಿದ್ದು ನನ್ನ ಕೈಯನ್ನು. ನನಗೇನೋ ಆಯಿತು ಅಂದುಕೊಂಡರು. "ಎಲ್ಲಿ? ಎಲ್ಲಿ ತಾಗ್ತು ನಿಂಗೆ?"

ರಿಮೋಟ್ ಕಿತ್ತುಕೊಂಡು ಮೇಲೆತ್ತುವ ಗುಂಡಿ ಒತ್ತಿದೆ. ಬಿಟ್ ಮೇಲೆದ್ದಾಗ ಬೆರಳೂ ಜೊತೆಗೆ ಕೊಂಚ ಎದ್ದು, ಆಮೇಲೆ ಕಳಚಿಕೊಂಡಿತು. ಆಗ ಅವರು ತಮ್ಮ ಹೆಬ್ಬೆರಳು ನೋಡಿದರು. ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡಿದರು. ನೋವಿನ ಒಂದು ಶಬ್ದವಿಲ್ಲ ಬಾಯಲ್ಲಿ. ನನಗೆ ರಕ್ತ ಕಂಡು ಆಗದ ಭಯ ಆ ಮೌನ ಕೇಳಿ ಆಯಿತು. ಹೊಟ್ಟಿನ ರಾಶಿ ಮೇಲೆ ಕೂತುಬಿಟ್ಟೆ.

ಕಾಗದದ ತೂತು. ಹಬೆಯಾಡುವ ಲೋಟವನ್ನು ಬರಿಗೈಯಲ್ಲಿ ಬಿಗಿಯಾಗಿ ಹಿಡಿದಿದ್ದುದು. ಬಿದ್ದುಹೋದ ಚಪ್ಪಲಿ. ಗಾಜಿನ ಮೇಲೆ ಟಣ್ ಅಂದ ಕ್ಲಿಪ್. ನಾನು ನಕ್ಕಿದ್ದು.

"ಯಾವಾಗಿಂದ?" ಅಂದೆ.

ಅವರು ಮುಂಡಾಸಿನ ಬಟ್ಟೆಯಲ್ಲಿ ಬೆರಳು ಸುತ್ತುತ್ತಿದ್ದರು. "ಮೊದಲು ಕಾಲು ಜೋಮು ಹಿಡಿದ ಹಾಗಾಗ್ತಿತ್ತು. ಆಮೇಲೆ ಬೆರಳ ತುದಿ. ಒಂದೊಂದು ದಿನ ಸರಿ ಇರುತ್ತೆ ಬುನೆ."

"ಕಾಗದ ಬಿಗಿದಿದ್ದು ಗೊತ್ತಾಗ್ತಿರ್ಲಿಲ್ಲ. ಎರಡು ಹಲಗೆಗೂ."

"ಅಂದಾಜಿನ ಮೇಲೆ ಮಾಡ್ದೆ."

"ನನಗ್ಯಾಕೆ ಹೇಳ್ಲಿಲ್ಲ? ನಾನೇನು ದಾರಿಹೋಕಳಾ? ಬಾಯಿಗೆ ಏನು ಬಡ್ಕೊಂಡಿತ್ತು ನಿಮಗೆ?"

"ಹೇಳಿದ್ರೆ ನೀನು ಮೆಷಿನ್ ಮುಟ್ಟೋಕೆ ಬಿಡ್ತಿದ್ದೆಯಾ? ಊರವರಿಗೆ ನಾನು ಕೆತ್ತೋ ಮಸ್ರುಕಿನ್. ಬೆರಳು ಸತ್ತ ಮಸ್ರುಕಿನ್ ಅನ್ನಿಸ್ಕೊಳ್ಳಲಾ?" ಆಮೇಲೆ ಹಲಗೆ ಕಡೆ ತಿರುಗಿದರು. "ರಕ್ತ ಬಿದ್ದಿದೆ. ಮಸೀದಿಗೆ ಹೋಗೋ ಮರ. ತೊಳೀಬೇಕು ಮೊದಲು."

"ಹಾಳಾಗಿ ಹೋಗ್ಲಿ ಹಲಗೆ!" ಅಂತ ಕಿರುಚಿದೆ. ಬೆಳಿಗ್ಗೆಯಿಂದ ಅದೇ ಹಲಗೆಗಾಗಿ ಎದೆ ಬಡಿದುಕೊಂಡ ಬಾಯಿ ಇದು. ನನ್ನ ಕಿವಿಗೇ ನಂಬಿಕೆಯಾಗಲಿಲ್ಲ.

ಪಕ್ಕದ ಬೀದಿಯ ನರ್ಸ್ ವಿನಾರ್ತಿ ಮನೆಯಲ್ಲೇ ನೋಡುತ್ತಾಳೆ. ಎಳೆದುಕೊಂಡು ಹೋದೆ. ಅವಳು ಗಾಯ ತೊಳೆದಳು. ಮರಗಟ್ಟಿಸುವ ಇಂಜೆಕ್ಷನ್ ಕೊಡಲು ಸೂಜಿ ಎತ್ತಿದಾಗ ಪಾಕ್ನೆ, "ಅದು ಬೇಡಮ್ಮ, ದಂಡ" ಅಂದರು. ಅವಳು ನನ್ನ ಮುಖ ನೋಡಿದಳು. ಆದರೂ ಕೊಟ್ಟು ಹೊಲಿಗೆ ಹಾಕಿದಳು. ಇನ್ನೊಂದು ಕೈಯಿಂದ ರಕ್ತ ತೆಗೆದು ಸಕ್ಕರೆ ನೋಡಿದಳು. ಪುಟ್ಟ ಮೆಷಿನ್ ಅಂಕಿ ತೋರಿಸಲಿಲ್ಲ, 'ಹೈ' ಅಂತಷ್ಟೇ ಬರೆದು ಸುಮ್ಮನಾಯಿತು.

"ಇಷ್ಟೊಂದು ಸಕ್ಕರೆ ಇಟ್ಕೊಂಡು ಓಡಾಡ್ತಿದ್ರಾ?" ಅಂದಳು ವಿನಾರ್ತಿ. "ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು."

"ನಾಳೆ ಹೋಗೋಣ. ಹಲಗೆ ಒಂದು ಮುಗಿಸಿಬಿಡ್ತೀನಿ. ಎಡಗೈ ತಾನೆ? ಬಲಗೈ ಚೆನ್ನಾಗೇ ಇದೆ" ಅಂದರು. ಆಮೇಲೆ ನನ್ನ ಕಡೆ ನೋಡಿ, "ನಿಜ ಬುನೆ, ಬಲಗೈ ಬೆರಳಿಗೆ ಎಲ್ಲಾ ಗೊತ್ತಾಗುತ್ತೆ."

ನಾನು ನಂಬಿದೆ. ನಂಬದೆ ಇನ್ನೇನು ಮಾಡಲಿ? ಬಲಗೈಯಾದರೂ ಇರಲಿ ದೇವರೇ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ವಿನಾರ್ತಿ ಮೇಜಿನ ಡ್ರಾಯರಿನಿಂದ ಕಡ್ಡಿಗೆ ಸಿಕ್ಕಿಸಿದ ಒಂದು ಗಟ್ಟಿ ನೈಲಾನ್ ಎಳೆ ತೆಗೆದಳು. "ಹಾಗಾದ್ರೆ ನೋಡೋಣ. ಬಲಗೈ ಚಾಚಿ. ಕಣ್ಣು ಮುಚ್ಚಿ. ಎಳೆ ತಾಗಿದಾಗ ಯಾವ ಬೆರಳು ಅಂತ ಹೇಳಿ."

ಅವರು ಕೈ ಚಾಚಿದರು, ಕಣ್ಣು ಮುಚ್ಚಿದರು. ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹ್ಞೂ, ತೋರುಬೆರಳು" ಅಂದರು.

ಸ್ವಲ್ಪ ಬಿಟ್ಟು, "ಈಗ ಕಿರುಬೆರಳು."

ಮತ್ತೆ ಸ್ವಲ್ಪ ಬಿಟ್ಟು, "ಹಾಂ, ನಡುಬೆರಳು. ಸರಿಯಾಗಿ ಹೇಳ್ದೆ ತಾನೆ, ಬುನೆ?"

ವಿನಾರ್ತಿ ಎಳೆಯನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳು ಇನ್ನೂ ಅವರನ್ನು ಮುಟ್ಟೇ ಇರಲಿಲ್ಲ.