ಗೋಂದು ಮೆತ್ತಿದ ಕಾರ್ಡು

ಹಜ್ಜಿಗೆ ಹೋಗಿ ಬಂದ ಅಲ್ಹಾಜಿ ಕಚಲ್ಲನ ಔಷಧಿ ಅಂಗಡಿಯ ಎದುರಿಗೇ ನನ್ನ ಚಹಾದ ಬೆಂಚು. ಅವನು ಕನೂರಿ, ನಾನು ಫುಲಾನಿ. ನಮ್ಮಲ್ಲಿ ಈ ಎರಡು ಕುಲದವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹಂಗಿಸಬಹುದು, ಕೋಪ ಮಾತ್ರ ಮಾಡಿಕೊಳ್ಳುವಂತಿಲ್ಲ. ಅಜ್ಜಂದಿರ ಕಾಲದಿಂದ ಬಂದ ಸಲುಗೆ ಅದು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಅವನು ಕೂಗುತ್ತಿದ್ದ:

“ಲೋ ಯೇರೋ, ನನ್ನ ಆಳೇ! ಯಜಮಾನನಿಗೆ ಚಹಾ ತಾರೋ.”

“ಆಳು ಯಾರು ಅಂತ ನಿಮ್ಮಜ್ಜನ ಗೋರಿ ಹತ್ರ ಹೋಗಿ ಕೇಳು. ನಮ್ಮ ದನದ ಸೆಗಣಿ ಬಾಚಿ ಬಾಚಿ ಸತ್ತೋನು ಅವನು.”

ಬೆಂಚಿನ ಮೇಲಿದ್ದವರು ನಗುತ್ತಿದ್ದರು. ಸಕ್ಕರೆ ಜಾಸ್ತಿ ಹಾಕಿ ನಾನು ಚಹಾ ಕೊಂಡೊಯ್ಯುತ್ತಿದ್ದೆ. ಹೀಗೆ ನಮ್ಮ ದಿನ ಶುರುವಾಗುತ್ತಿತ್ತು.

ನಮ್ಮ ಊರು ಟುಡುನ್ ಮಾರ್ಕೆಯಲ್ಲಿ ಹಾವಿನ ಮದ್ದು ಸಿಗುತ್ತಿದ್ದದ್ದು ಕಚಲ್ಲನ ಹತ್ತಿರ ಮಾತ್ರ. ಮೊದಲ ಮಳೆ ಬಿದ್ದು ಜನ ಹೊಲಕ್ಕಿಳಿದರು ಅಂದರೆ ಮಣ್ಣಿನ ಬಣ್ಣದ ಆ ಗಿಡ್ಡ ಹಾವೂ ಹೊರಬೀಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಇರುವುದು ಮಂತ್ರಿಗಳು ಭೇಟಿ ಕೊಡುವ ದಿನ. ಮಿಕ್ಕ ದಿನ ಡಾಕ್ಟರು ಚೀಟಿ ಬರೆದು ಕಚಲ್ಲನ ಅಂಗಡಿಗೆ ಅಟ್ಟುತ್ತಾರೆ. ಒಂದು ಸೀಸೆಯ ಬೆಲೆ ಕೇಳಿದರೆ ನನ್ನಂಥವನಿಗೆ ತಲೆ ತಿರುಗುತ್ತದೆ. ಅಷ್ಟು ನಗದು ಯಾರೂ ಜೇಬಿನಲ್ಲಿಟ್ಟುಕೊಂಡು ಓಡಾಡುವುದಿಲ್ಲವಾದ್ದರಿಂದ ಅಲ್ಲಿ ಕಾರ್ಡು ಉಜ್ಜುವ ಮಷೀನು ಬಂತು.

ಮಷೀನಿನ ಹಿಂದೆಯೇ ಕಳ್ಳರೂ ಬಂದರು. ಕಾರ್ಡಿನ ಬೆನ್ನಿನ ಮೇಲೆ ಕಪ್ಪು ಪಟ್ಟಿ ಇರುತ್ತಿತ್ತಲ್ಲ, ಅದರಲ್ಲಿರುವುದನ್ನು ಇನ್ನೊಂದು ಕಾರ್ಡಿಗೆ ಇಳಿಸಿಕೊಳ್ಳುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಪಿನ್ ಹೆಗಲ ಮೇಲಿಂದ ಇಣುಕಿದರೆ ಸಿಕ್ಕಿತು. ದೂರದ ಕಾನೋ ನಗರದಲ್ಲಿ ಯಾರದೋ ಕಾರ್ಡು, ಇಲ್ಲಿ ಇನ್ಯಾರೋ ಉಜ್ಜಿ ಔಷಧಿ ಹೊತ್ತುಕೊಂಡು ಹೋಗುವುದು, ತಿಂಗಳ ಮೇಲೆ ತಕರಾರು ಬಂದು ಜಗಳ. ಕಚಲ್ಲ ಆಗೆಲ್ಲ ಬ್ಯಾಂಕಿಗೆ ಅಲೆದು ಅಲೆದು ಬಡವಾಗಿದ್ದ.

ಆಮೇಲೆ ಚಿಪ್ ಇರುವ ಕಾರ್ಡು ಬಂತು. ಮಷೀನನ್ನೂ ಬದಲಾಯಿಸಿದರು. ಟೈ ಕಟ್ಟಿಕೊಂಡು ಬೆವರುತ್ತಿದ್ದ ಬ್ಯಾಂಕಿನವನು ನನ್ನ ಬೆಂಚಿನ ಮೇಲೆ ಕೂತೇ ಪಾಠ ಹೇಳಿದ.

“ನೋಡಿ ಅಲ್ಹಾಜಿ, ಈ ಚಿಪ್ ಪ್ರತಿ ಸಲ ಬ್ಯಾಂಕಿಗೆ ಹೊಸ ಗುಟ್ಟು ಹೇಳುತ್ತೆ. ನಿನ್ನೆ ಹೇಳಿದ್ದನ್ನ ಇವತ್ತು ಹೇಳಲ್ಲ. ಕಳ್ಳ ಕದ್ದು ಕೇಳಿಸ್ಕೊಂಡ್ರೂ ಅವನಿಗೆ ಸಿಗೋದು ಹಳಸಿದ ಗುಟ್ಟು. ಆದ್ರೆ ಒಂದು ಮಾತು. ಚಿಪ್ ಕೆಲಸ ಮಾಡಲಿಲ್ಲ ಅಂದ್ರೆ ಮಷೀನು ಪಟ್ಟಿ ಉಜ್ಜಿ ಅನ್ನುತ್ತೆ. ಉಜ್ಜಬೇಡಿ. ಉಜ್ಜಿದ್ರೆ ನಷ್ಟ ನಿಮ್ಮದು, ನಮ್ಮದಲ್ಲ.”

“ಇವನಿಗಿಂತ ಜಾಣ ಈ ಚಿಪ್ಪು,” ಅಂದೆ ನಾನು, ಕಚಲ್ಲನನ್ನು ತೋರಿಸಿ.

ಬ್ಯಾಂಕಿನವನು ಹೇಳಿದ್ದು ನಿಜವಾಯಿತು. ತಕರಾರುಗಳು ನಿಂತುಹೋದವು. ಕಚಲ್ಲನ ಮೈಮೇಲೆ ಮಾಂಸ ಬಂತು, ಹಳೆಯದಾದರೂ ಒಂದು ಕಾರು ಕೊಂಡ.

ಆಗಲೇ ಒಬ್ಬ ಅಳುಬುರುಕ ಬಂದದ್ದು. ಬೆಳ್ಳಗೆ ಒಗೆದ ಬಟ್ಟೆ, ಕೈಯಲ್ಲಿ ಜಪಮಣಿ. ಹೆಂಡತಿಗೆ ಹಾವು ಕಚ್ಚಿದೆ, ಹೆಂಗಸರ ವಾರ್ಡಿನಲ್ಲಿದ್ದಾಳೆ ಅಂತ ನೆಲಕ್ಕೆ ಕೂತು ಅತ್ತ. ಡಾಕ್ಟರ ಚೀಟಿ ಇತ್ತು. ಕಾರ್ಡು ಕೊಟ್ಟ. ಮಷೀನು ಚಿಪ್ ಓದಲಿಲ್ಲ, ಚಿಪ್ಪಿನ ಮೇಲೆ ಗೋಂದು ಒಣಗಿತ್ತು. “ಮನೇಲಿ ಮಕ್ಕಳು ಆಟ ಆಡಿಬಿಟ್ಟಿವೆ, ಬೇಕಾದ್ರೆ ಕುರಾನ್ ಮುಟ್ಟಿ ಆಣೆ ಮಾಡ್ತೀನಿ” ಅಂದ. ಮಾಡಿಯೂ ಮಾಡಿದ. ಕಚಲ್ಲನ ಮನಸ್ಸು ಕರಗಿ ಪಟ್ಟಿ ಉಜ್ಜಿದ, ಪಿನ್ ಸರಿಯಾಗಿತ್ತು. ಇದ್ದ ಸೀಸೆಗಳನ್ನೆಲ್ಲ ಐಸಿನ ಡಬ್ಬಿಯಲ್ಲಿಟ್ಟು ತಾನೇ ಕಾರಿನಲ್ಲಿ ಆಸ್ಪತ್ರೆಗೆ ಬಿಟ್ಟು ಬಂದ. ಹೆಂಗಸರ ವಾರ್ಡು ಅಂತ ಬಾಗಿಲ ಹೊರಗೇ ನಿಂತು ದುವಾ ಮಾಡಿದನಂತೆ. ಅಲ್ಲಿ ಅಂಥ ಹೆಂಗಸೇ ಇರಲಿಲ್ಲ. ಆ ಹಲ್ಕಾ ಇನ್ನೊಂದು ಬಾಗಿಲಿಂದ ಹೊರಬಿದ್ದು ಮದ್ದನ್ನು ಬೇರೆ ಊರಲ್ಲಿ ಮಾರಿಕೊಂಡ. ಉಜ್ಜಿದ್ದು ನಕಲು ಕಾರ್ಡು, ನಿಜವಾದ ಕಾರ್ಡಿನವನು ಕಾನೋದಲ್ಲಿ ದೂರು ಕೊಟ್ಟ. ಚಿಪ್ ಇರುವ ಕಾರ್ಡನ್ನು ಯಾಕೆ ಉಜ್ಜಿದಿರಿ ಅಂತ ಬ್ಯಾಂಕು ಒಂದೇ ಮಾತು ಕೇಳಿತು. ಕಚಲ್ಲ ಕಾರು ಮಾರಿದ.

ಅವತ್ತಿನಿಂದ ಅವನು ಗಲ್ಲಾದ ಮುಂದೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ: ಚಿಪ್ ಇಲ್ಲದಿದ್ದರೆ ಮದ್ದಿಲ್ಲ. ನಾನು ಅದನ್ನು ಓದಿ ಹಂಗಿಸಿದಾಗ ಅವನು ನಗಲಿಲ್ಲ.

ಮುಂದಿನ ಮಳೆಗಾಲದ ಒಂದು ಶುಕ್ರವಾರ, ಮಧ್ಯಾಹ್ನದ ಬಾಂಗಿಗೆ ಇನ್ನೂ ಹೊತ್ತಿತ್ತು. ಬಾಡಿಗೆ ಬೈಕಿನಿಂದ ಒಬ್ಬ ಇಳಿದು ಅಂಗಡಿಗೆ ನುಗ್ಗಿದ. ಮೊಣಕಾಲವರೆಗೆ ಕೆಸರು. ಹೆಸರು ತನಿಮು, ನದಿಯಾಚೆಯ ಹಳ್ಳಿಯೊಂದರ ಶಾಲೆಯ ಕಾವಲುಗಾರ. ಆ ಹಳ್ಳಿಯವರು ನಮ್ಮ ಸಂತೆಗೆ ಬರುವುದಿಲ್ಲ, ಅವನನ್ನು ಬಲ್ಲವರು ಬೆಂಚಿನ ಮೇಲೆ ಒಬ್ಬರೂ ಇರಲಿಲ್ಲ.

“ಅಲ್ಹಾಜಿ, ನನ್ನ ಹೆಂಡ್ತಿಗೆ ಹಾವು ಕಚ್ಚಿದೆ. ಬೆಳಿಗ್ಗೆ ಕಡಲೆಕಾಯಿ ಬಿತ್ತೋಕೆ ಹೋಗಿದ್ಲು. ವಸಡಿಂದ ರಕ್ತ ಬರ್ತಾ ಇದೆ. ಇದು ಡಾಕ್ಟರ ಚೀಟಿ.”

ಚಹಾ ಕೊಡಲು ಹೋಗಿದ್ದ ನಾನು ಅಲ್ಲೇ ನಿಂತೆ. ಕಚಲ್ಲನ ಮುಖ ಗಂಟಿಕ್ಕಿತು.

“ಯಾವ ವಾರ್ಡು?”

“ಹೆಂಗಸರ ವಾರ್ಡು.”

“ಕಾರ್ಡು?”

ತನಿಮು ಕೊರಳಿಗೆ ಕೈ ಹಾಕಿ ತೊಗಲಿನ ಒಂದು ತಾಯಿತ ಹೊರಗೆಳೆದ. ನಮ್ಮ ಕಡೆ ಎಲ್ಲರ ಕೊರಳಲ್ಲೂ ಇಂಥದ್ದಿರುತ್ತದೆ, ಒಳಗೆ ಮಂತ್ರದ ಕಾಗದ ಇಟ್ಟು ನಾಲ್ಕೂ ಕಡೆ ಹೊಲಿದುಬಿಡುತ್ತಾರೆ. ಇವನದು ಮಾತ್ರ ಅಂಗೈಯಗಲ ಇತ್ತು. ಅವನು ಬ್ಲೇಡು ಕೇಳಿ ಹೊಲಿಗೆ ಬಿಚ್ಚಿದ. ಮೊದಲು ಮಡಿಚಿದ ಕಾಗದ ಬಂತು, ಹಿಂದೆಯೇ ಬ್ಯಾಂಕಿನ ಕಾರ್ಡು.

“ಕಾರ್ಡು ಮುಟ್ಟದೇನೇ ಗಾಳೀಲೇ ದುಡ್ಡು ಕದೀತಾರೆ ಅಂದ್ರು ಅಲ್ಹಾಜಿ. ಅದಕ್ಕೆ ಹೋದ ತಿಂಗಳು ಸಂಬಳ ತೆಗೆದ ಮೇಲೆ ತೊಗಲು ಕೆಲಸದವನ ಹತ್ರ ಹೊಲಿಸಿ ಹಾಕ್ಕೊಂಡೆ. ಮೇಲೆ ಕುರಾನಿನ ಒಂದು ಆಯತ್ತೂ ಬರೆಸಿ ಇಟ್ಟೆ.”

ನನಗೆ ನಗು ಬಂತು. ಆ ನಗು ಅಲ್ಲೇ ಸತ್ತಿತು. ತೊಗಲಿಗೆ ಬಳಿದಿದ್ದ ಗೋಂದು ಚಿಪ್ಪಿನ ಮೇಲೆಲ್ಲ ಹರಡಿ ಒಣಗಿತ್ತು. ಒಂದು ಅಂಚಿನಲ್ಲಿ ದಬ್ಬಳ ತೂರಿದ ತೂತು ಬೇರೆ.

ಕಚಲ್ಲ ಕಾರ್ಡನ್ನು ಬೆಳಕಿಗೆ ಹಿಡಿದ. ಉಗುರಿನಿಂದ ಕೆರೆದ. ಮಷೀನಿಗೆ ತೂರಿಸಿದ, ಒರೆಸಿ ಮತ್ತೆ ತೂರಿಸಿದ. ಪಟ್ಟಿ ಉಜ್ಜಿ ಅಂತ ಮಷೀನು ಕೇಳಿತು. ಅವನು ಕಾರ್ಡನ್ನು ಗಲ್ಲಾದ ಮೇಲೆ ಇಟ್ಟು ದೂಡಿದ.

“ಆಗಲ್ಲ.”

“ದುಡ್ಡಿದೆ ಅಲ್ಹಾಜಿ! ಎರಡು ವರ್ಷದಿಂದ ಸಂಬಳದಲ್ಲಿ ಉಳಿಸಿ ಇಟ್ಟಿದ್ದೀನಿ. ಪಿನ್ ಹೇಳ್ತೀನಿ, ಬರ್ಕೊಳ್ಳಿ.”

“ಪಿನ್ ಅವನೂ ಹೇಳಿದ್ದ.”

“ಯಾರು?”

“ಬ್ಯಾಂಕಿಗೆ ಹೋಗಿ ತಗೊಂಡು ಬಾ.”

“ನಮ್ಮ ಬ್ಯಾಂಕು ಇರೋದು ಬೌಚೀಲಿ. ಹೋಗಿ ಬರೋ ಹೊತ್ತಿಗೆ ಸಂಜೆ ಆಗುತ್ತೆ. ಕುರಾನ್ ಕೊಡಿ, ಆಣೆ ಮಾಡ್ತೀನಿ.”

ಆ ಮಾತು ಕೇಳಿ ಕಚಲ್ಲ ಕೈ ಎತ್ತಿ ಹಿಂದೆ ಸರಿದ, ಯಾರೋ ಹೊಡೆಯಲು ಬಂದ ಹಾಗೆ. “ಸಾಕು! ಕುರಾನ್ ಸುದ್ದಿ ಎತ್ತಬೇಡ ನನ್ನ ಅಂಗಡೀಲಿ.”

ಮೊದಲು ಬಂದ ಕಳ್ಳ ಬರಿ ಮದ್ದು ಕದ್ದುಕೊಂಡು ಹೋಗಿರಲಿಲ್ಲ. ಕಣ್ಣೀರು, ಆಣೆ, ಡಾಕ್ಟರ ಚೀಟಿ, ಹೆಂಗಸರ ವಾರ್ಡು, ಎಲ್ಲವನ್ನೂ ಬಳಸಿ ಎಂಜಲು ಮಾಡಿಬಿಟ್ಟಿದ್ದ. ತನಿಮುವಿನ ಪಾಲಿಗೆ ಹೊಸದಾಗಿ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

“ನಾನು ಜಾಮೀನು ಕಚಲ್ಲ. ಕೊಡು,” ಅಂದೆ.

“ನಿನ್ನ ಕೆಟ್ಲು ಬೆಂಚು ಎಲ್ಲಾ ಮಾರಿದ್ರೂ ಒಂದು ಸೀಸೆ ಬರಲ್ಲ.”

“ಹಾಗಾದ್ರೆ ಸೀಸೆ ನನ್ನ ಕೈಲಿ ಕೊಡು. ಹೆಂಗಸು ಇದ್ರೆ ಡಾಕ್ಟರಿಗೆ ಕೊಡ್ತೀನಿ, ಇಲ್ದಿದ್ರೆ ವಾಪಸ್ ತರ್ತೀನಿ.”

“ಹೋದ ಸಲ ನಾನೇ ಹೋಗಿದ್ದೆನಲ್ಲೋ! ಬಾಗಿಲ ತನಕ ಹೋಗಿದ್ದೆ! ವಾರ್ಡಿನ ಒಳಗೆ ಹೋಗು. ಕಣ್ಣಾರೆ ನೋಡಿ ಫೋನ್ ಮಾಡು. ಆ ಕ್ಷಣ ಸೀಸೆ ತಗೊಂಡು ನಾನೇ ಹೊರಡ್ತೀನಿ. ಅದಕ್ಕೆ ಮೊದಲು ಈ ಫ್ರಿಜ್ಜಿನ ಬಾಗಿಲು ತೆಗೆಯಲ್ಲ.”

“ನೀನು ಮನುಷ್ಯನೇನೋ?” ಅಂದೆ. ಅದು ನಮ್ಮ ಸಲುಗೆಯ ಹಂಗಿಸುವಿಕೆ ಆಗಿರಲಿಲ್ಲ, ಅವನಿಗೂ ಅದು ಗೊತ್ತಾಯಿತು.

ತನಿಮು, ನಾನು ಒಂದೇ ಬೈಕಿನಲ್ಲಿ ಹೊರಟೆವು. ದೊಡ್ಡ ಮಸೀದಿಯ ಮುಂದಿನ ರಸ್ತೆಯಲ್ಲಿ ಆಗಲೇ ಚಾಪೆ ಹಾಸುತ್ತಿದ್ದರು, ನುಸುಳಿ ದಾಟಿದೆವು. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿದ್ದ ಹೆಂಗಸು ನನ್ನನ್ನು ತಡೆದಳು. ಗಂಡಸರು ಒಳಗೆ ಬರುವಂತಿಲ್ಲ, ಗಂಡನೊಬ್ಬ ಸಾಕು. ನಾನು ಕೈಮುಗಿದೆ, ಬೈದೆ, ಕೊನೆಗೆ ನರ್ಸು ಬಂದು ಒಳಗೆ ಬಿಟ್ಟಳು.

ತನಿಮುವಿನ ಹೆಂಡತಿ ಅಸಬೆ ಇದ್ದಳು. ಮೂಲೆಯ ಮಂಚದ ಮೇಲೆ. ಕಾಲು ಊದಿ ಹೊಳೆಯುತ್ತಿತ್ತು. ಅವಳ ತಾಯಿ ಸೆರಗಿನಿಂದ ಮಗಳ ಬಾಯಿ ಒರೆಸುತ್ತಿದ್ದಳು, ಸೆರಗೆಲ್ಲ ಕೆಂಪು. ಅಳಿಯನ ಖಾಲಿ ಕೈಯನ್ನು ಆ ಮುದುಕಿ ನೋಡಿದಳು. ಮತ್ತೆ ಮಗಳ ಕಡೆ ತಿರುಗಿದಳು.

ನಾನು ಹೊರಗೆ ಓಡಿ ಫೋನು ಮಾಡಿದೆ. “ಇದ್ದಾಳೆ ಕಚಲ್ಲ. ನಿಜ. ಎಲ್ಲಾ ನಿಜ.”

“ಹೊರಟೆ,” ಅಂದ. ಡಬ್ಬಿಗೆ ಐಸು ತುಂಬಿ ಇಟ್ಟುಕೊಂಡೇ ಫೋನಿನ ಮುಂದೆ ಕೂತಿದ್ದನಂತೆ. ಇದನ್ನು ಅವನ ಪರವಾಗಿ ಹೇಳಲೇಬೇಕು.

ಅಷ್ಟರಲ್ಲಿ ಮಸೀದಿಯ ಮುಂದಿನ ರಸ್ತೆ ನಮಾಜಿಗೆ ಬಂದವರಿಂದ ತುಂಬಿಹೋಗಿತ್ತು. ಆಸ್ಪತ್ರೆಯ ಗೇಟಿನಿಂದ ನೋಡುತ್ತಿದ್ದೆ. ಆ ತುದಿಯಲ್ಲಿ ಬೈಕು ನಿಂತಿತು. ನೀಲಿ ಡಬ್ಬಿ ಎದೆಗವಚಿಕೊಂಡು ಕಚಲ್ಲ ಇಳಿದ. ನಮಾಜಿಗೆ ಮೊದಲಿನ ಪ್ರವಚನ, ಖುತ್ಬಾ, ಕೇಳುತ್ತ ಕೂತಿದ್ದ ಜನರ ನಡುವೆ ಕಾಲಿಡುತ್ತ, ಕ್ಷಮಿಸಿ ಕ್ಷಮಿಸಿ ಅನ್ನುತ್ತ ಅರ್ಧ ದಾರಿ ಬಂದ. ಆಗ ಎಲ್ಲರೂ ಎದ್ದು ಹೆಗಲಿಗೆ ಹೆಗಲು ಕೊಟ್ಟು ನಮಾಜಿಗೆ ನಿಂತರು. ನಮಾಜು ಮಾಡುತ್ತಿರುವವರ ಮುಂದೆ ಯಾರೂ ದಾಟುವುದಿಲ್ಲ, ಹಜ್ಜಿಗೆ ಹೋಗಿ ಬಂದವನಂತೂ ದಾಟಲಾರ. ಊರಿಗೆ ಊರೇ ಬಾಗಿ ಎದ್ದಿತು, ಅವನೊಬ್ಬ ಆ ಡಬ್ಬಿ ಹಿಡಿದು ನೆಟ್ಟಗೆ ನಿಂತಿದ್ದ. ದಾಟೋ, ದಾಟಿಬಿಡೋ ಅಂತ ನನ್ನ ಬಾಯಿಗೆ ಬಂದಿತ್ತು, ಕೂಗಲಾಗಲಿಲ್ಲ. ಕೊನೆಯ ಸಲಾಂ ಮುಗಿಯುತ್ತಲೇ ಅವನು ಓಡಿದ. ಆ ದಪ್ಪ ಮನುಷ್ಯ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸೀಸೆ ಒಡೆದರು, ಸೂಜಿ ಹಾಕಿದರು. ಅಸಬೆ ಸಂಜೆಯ ನಮಾಜಿಗೆ ಮೊದಲೇ ತೀರಿಕೊಂಡಳು. ಸ್ವಲ್ಪ ಮೊದಲು ಬಂದಿದ್ದರೆ ಉಳಿಯುತ್ತಿದ್ದಳಾ ಅಂತ ಕಚಲ್ಲ ಡಾಕ್ಟರನ್ನು ಕೇಳಿದ. ಡಾಕ್ಟರು ಕೈ ತೊಳೆಯುತ್ತಲೇ ಇದ್ದರು. ಹೆಣವನ್ನು ನದಿಯಾಚೆ ಸಾಗಿಸುವ ಖರ್ಚು ಕಚಲ್ಲ ಕೊಟ್ಟ. ತನಿಮು ಅವನ ಮುಖ ನೋಡಲಿಲ್ಲ.

ಗಲ್ಲಾದ ಮುಂದಿನ ಬರಹ ಹಾಗೇ ಉಳಿಯಿತು. ಅದನ್ನು ಕಿತ್ತರೆ ಅಂಗಡಿ ಉಳಿಯುವುದಿಲ್ಲ, ಅಂಗಡಿ ಹೋದರೆ ಊರಿಗೆ ಮದ್ದೇ ಇಲ್ಲ. ಇದು ನನಗೂ ಗೊತ್ತು. ಆದರೆ ಬೆಳಿಗ್ಗೆ ಅವನು ನನ್ನನ್ನು ಆಳೇ ಅಂತ ಕೂಗುವುದನ್ನು ಬಿಟ್ಟ. ನಾನೂ ಅವನಜ್ಜನ ಸುದ್ದಿ ಎತ್ತಲಿಲ್ಲ. ಸುಮ್ಮನೆ ಚಹಾ ಇಟ್ಟು ಬರುತ್ತಿದ್ದೆ.

ಜೋಳದ ಕೊಯ್ಲು ಮುಗಿದ ಮೇಲೆ ತನಿಮು ಬಂದ. ಸೊರಗಿದ್ದ. ಕೈಯಲ್ಲಿ ಹೊಸ ಕಾರ್ಡು, ಮೇಲೆ ಯಾವ ತೊಗಲೂ ಇರಲಿಲ್ಲ.

“ಆವತ್ತಿನ ಮದ್ದಿನ ದುಡ್ಡು ತಗೊಳ್ಳಿ ಅಲ್ಹಾಜಿ.”

ಕಚಲ್ಲ ಎದ್ದು ನಿಂತು, ಮೇಷ್ಟರನ್ನು ಕರೆಯುವ ಮರ್ಯಾದೆಯಿಂದ ಮಾತಾಡಿಸಿದ. “ಬೇಡ ಮಾಲಂ ತನಿಮು. ಅದನ್ನ ನಾನು ಸದಕಾ ಅಂತ ಬಿಟ್ಟಿದ್ದೀನಿ.”

“ನಾನು ದಾನ ಕೇಳಿರಲಿಲ್ಲ. ಕೊಂಡ್ಕೊಳ್ಳೋಕೆ ಬಂದಿದ್ದೆ.”

ಕಚಲ್ಲ ಮೊತ್ತ ಒತ್ತಿ ಮಷೀನನ್ನು ಮುಂದಿಟ್ಟ. ತನಿಮು ತಾನೇ ಕಾರ್ಡು ತೂರಿಸಿ ಪಿನ್ ಒತ್ತಿದ. ಮಷೀನು ಒಂದು ಸಲ ಕೂಡ ತಡವರಿಸಲಿಲ್ಲ, ಚೀಟಿ ಉಗುಳಿತು. ಅವನು ಅದನ್ನು ನನ್ನ ಕೈಗೆ ಕೊಟ್ಟ.

“ಏನು ಬರೆದಿದೆ ಓದಿ.”

“ಒಪ್ಪಿದೆ ಅಂತ ಬರೆದಿದೆ.”

“ದುಡ್ಡು ಇತ್ತು ಅಂತ ತಾನೇ ಅದರ ಅರ್ಥ?”

“ಹೌದು. ಇತ್ತು ಅಂತ.”

ಅವನು ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ಹೊರಟವನು ಬಾಗಿಲಲ್ಲಿ ನಿಂತು ತಿರುಗಿದ.

“ಇನ್ನೊಂದು ಚೀಟಿ ತೆಗೆದು ಕೊಡಿ ಅಲ್ಹಾಜಿ. ಇದು ಮಾಸಿಹೋದ್ರೆ ಅಂತ. ನಮ್ಮತ್ತೆಗೆ ತೋರಿಸ್ಬೇಕು. ಅವತ್ತು ಬರಿಗೈಲಿ ಆಸ್ಪತ್ರೆಗೆ ಬಂದೆನಲ್ಲ, ಮಗಳಿಗೆ ಖರ್ಚು ಮಾಡೋಕೆ ಮನಸ್ಸಿರಲಿಲ್ಲ ಅಂತ ಈಗಲೂ ಊರ ತುಂಬಾ ಹೇಳ್ಕೊಂಡು ಓಡಾಡ್ತಾ ಇದ್ದಾರೆ.”

ಕಚಲ್ಲ ಮತ್ತೊಂದು ಚೀಟಿ ತೆಗೆದ. ಅದನ್ನು ಕೊಡಲು ಅವನು ಗಲ್ಲಾ ಬಿಟ್ಟು ಬಾಗಿಲವರೆಗೆ ನಡೆದು ಹೋದ.