ಎರಡನೆಯ ಪತ್ರಾವಳಿ

ಫ್ಯಾನಿನ ಗಾಳಿಗೆ ಖಾಲಿ ಬೆಂಚಿನ ಮೇಲಿನ ಪ್ರಶ್ನೆಪತ್ರಿಕೆಯ ಮೂಲೆ ಏಳುತ್ತದೆ, ಮಲಗುತ್ತದೆ, ಮತ್ತೆ ಏಳುತ್ತದೆ, ಅದರ ಮೇಲೆ ಏನಾದರೂ ಇಡಬೇಕು, ಡಸ್ಟರ್ ಇಡಲೇ — ಬೇಡ, ಹನ್ನೊಂದೂ ಹತ್ತು, ಹನ್ನೊಂದೂವರೆಗೆ ಬಾಗಿಲು ಮುಚ್ಚಬೇಕು, ಆಮೇಲೆ ಯಾರನ್ನೂ ಒಳಗೆ ಬಿಡುವಂತಿಲ್ಲ, ಕಾಜಲಳ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಗೈರುಹಾಜರು ಎಂದು ಬರೆಯಬೇಕು, ಇನ್ನೂ ಇಪ್ಪತ್ತು ನಿಮಿಷ ಇದೆ, ಅವಳೂರು ಗುಂಜೋಟಿಯಿಂದ ಇಲ್ಲಿಗೆ, ಉಮರ್ಗಾಕ್ಕೆ, ಬಸ್ಸು ಅಷ್ಟರಲ್ಲಿ ಬಂದೇ ಬರುತ್ತದೆ, ಅವಳು ಬರುವುದಿಲ್ಲ, ಗೊತ್ತಿದ್ದೂ ಬಾಗಿಲ ಕಡೆ ನೋಡುತ್ತೇನೆ. ಐದನೆಯ ಪ್ರಶ್ನೆ, ಅರವತ್ತರ ದಶಕದ ಸಾಮಾಜಿಕ ಬದಲಾವಣೆ ಅಮೆರಿಕದ ಸಂಸ್ಕೃತಿಯನ್ನು ಹೇಗೆ ಬದಲಿಸಿತು, ವಿವರಿಸಿ, ಹತ್ತು ಅಂಕ, ವರ್ಷಕ್ಕೊಂದು ಅಂಕ. ಇಪ್ಪತ್ತೆರಡು ವರ್ಷದಿಂದ ಇದೇ ಪಾಠ ಹೇಳುತ್ತಿದ್ದೇನೆ, ಗಡಿ ಊರಿನ ಕಾಲೇಜು, ನೋಟ್ಸು ಮರಾಠಿಯಲ್ಲಿ, ಹಿಂದಿನ ಬೆಂಚಿನ ನಮ್ಮ ಹುಡುಗಿಯರಿಗೆ ಅರ್ಥ ಕನ್ನಡದಲ್ಲಿ — ಬಿಳಿಯರಿಗಷ್ಟೇ ಊಟ ಕೊಡುವ ಜಾಗದಲ್ಲಿ ನಾಲ್ವರು ಕಪ್ಪು ಹುಡುಗರು ಹೋಗಿ ಕುಳಿತರು, ಯಾರೂ ಬಡಿಸಲಿಲ್ಲ, ಆದರೂ ಏಳಲಿಲ್ಲ, ಹೆಂಗಸರು ಅಡುಗೆಮನೆ ಬಿಟ್ಟು ಬೀದಿಗೆ ಬಂದರು, ಮಕ್ಕಳು ಅಪ್ಪಂದಿರ ಯುದ್ಧ ನಮಗೆ ಬೇಡ ಅಂದರು, ಹಾಡು ಬದಲಾಯಿತು, ಉಡುಗೆ ಬದಲಾಯಿತು — ಪಟಪಟ ಹೇಳಿ ಮುಗಿಸಿ ಮನೆಗೆ ಹೋಗುತ್ತೇನೆ, ಗಂಡ ವೈಜಿನಾಥರು ಉಂಡು ಎದ್ದ ಮೇಲೆ ನಾನು ಉಣ್ಣುತ್ತೇನೆ, ಅದು ಮಾತ್ರ ಯಾವ ದಶಕದಲ್ಲೂ ಬದಲಾಗಲಿಲ್ಲ. ಈ ವರ್ಷ ಅದೇ ಪಾಠದ ನಡುವೆ ಕಾಜಲ ಎದ್ದು ನಿಂತಿದ್ದಳು, ಮೇಡಂ, ಅವರು ಹಸದ ಕುಂತಿದ್ರೇನ್ರೀ, ಕ್ಲಾಸೆಲ್ಲ ನಕ್ಕಿತು, ಹೂಂ ಹಸಿದೇ, ಎಷ್ಟ ದಿನಾರೀ, ಹುಡುಗರು ಪಾಳಿ ಹಚ್ಚಿ ತಿಂಗಳುಗಟ್ಟಲೆ ಕೂತರು ಅಂದೆ, ಬರೆದುಕೊಂಡಳು, ಉಳಿದವರು ಪರೀಕ್ಷೆಗೆ ಬರುವುದನ್ನು ಬರೆದುಕೊಳ್ಳುತ್ತಾರೆ, ಈ ಹುಚ್ಚು ಹುಡುಗಿ ಹಸಿವೆಯನ್ನು ಬರೆದುಕೊಂಡಳು.

ಅಮಾಸಿಗಿ ನಮ್ಮ ಬೀರಪ್ಪನ ಗುಡ್ಯಾಗ ಊಟ ಐತ್ರಿ ಮೇಡಂ, ನೀವ ಬರಬೇಕ ಅಂದಳು, ಹೋದೆ, ಹೊಸ ಇಳಕಲ್ ಸೀರೆ ಉಟ್ಟು ಹೋದೆ, ಅವರಲ್ಲಿ ಗಂಡಸರದು ಮೂರು ಪಂಕ್ತಿ ಎದ್ದ ಮೇಲೆ ಅಡುಗೆ ಮಾಡಿದವರ ಸರದಿ, ಕೊಪ್ಪರಿಗೆಯ ತಳದ್ದು ಹೆಂಗಸರಿಗೆ, ನಮ್ಮಲ್ಲೇನು ಬೇರೆಯೇ, ಉದಗೀರದ ತವರಿನಲ್ಲೂ ಅವ್ವ ತಳವನ್ನೇ ಕೆರೆದಳು. ಮೊದಲ ಪಂಕ್ತಿಯ ಗಂಡಸರು, ಹಣೆ ತುಂಬ ಅರಿಶಿನದ ಭಂಡಾರ, ಹೆಗಲ ಮೇಲೆ ಕಂಬಳಿ, ಅವರ ನಡುವೆ ಕಾಜಲ, ಅವಳ ಮುಂದೊಂದು ಊಟದೆಲೆಯ ಪತ್ರಾವಳಿ, ಪಕ್ಕದಲ್ಲಿ ಇನ್ನೊಂದು, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು, ಮೇಡಂ, ಬರ್ರಿ, ಜಾಗಾ ಹಿಡದೀನಿ — ಬಸ್ಸಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿದವಳ ಹಾಗೆ. ಹುಗ್ಗಿಯ ಬಕೀಟು ಹಿಡಿದು ಬಂದ ಅವಳ ಕಾಕಾನ ಮಗ ಸಿದ್ದರಾಮ ಅವಳನ್ನು ದಾಟಿಯೇ ಹೋದ, ಏ ಅಮೆರಿಕಾದಾಕಿ, ಏಳ, ಹಿರೇರು ಕುಂದ್ರೋ ಜಾಗಾ ಅದು. ಅಜ್ಜಿ ಪ್ರಯಾಗಬಾಯಿ ಒಲೆಯ ಬದಿಯಿಂದಲೇ, ಎದ್ದ ಬಾ ಹುಚ್ಚಿ, ತಳದ ಹುಗ್ಗಿಗೇ ರುಚಿ ಇರ್ತದ. ಹಂಗಾರ ಗಂಡಸ್ರಿಗಿ ತಳದ್ದೇ ಬಡಸ್ರಿ, ಆಯಿ. ಹೆಂಗಸರೆಲ್ಲ ಸೆರಗು ಬಾಯಿಗೊತ್ತಿ ನಕ್ಕರು, ನಾನೂ ನಕ್ಕೆ, ನಕ್ಕು ಕಂಬ ಹಿಡಿದು ಅಲ್ಲೇ ನಿಂತೆ. ಅವರ ದೇವರು, ಅವರ ಪದ್ಧತಿ, ನಾನು ಬೇರೆ ಜಾತಿಯವಳು, ಕರೆದ ಅತಿಥಿ, ನಡುವೆ ಬಾಯಿ ಹಾಕಬಾರದು — ಎಷ್ಟು ಬೇಗ ಸಿಕ್ಕವು ನೆಪಗಳು, ಸೆರಗಿಗೆ ಸಿಕ್ಕಿಸಿದ ಪಿನ್ನಿನ ಹಾಗೆ ಕೈಗೇ ಸಿಕ್ಕವು. ಮೂರು ಪಂಕ್ತಿ ಎದ್ದವು, ಅವಳು ಏಳಲಿಲ್ಲ, ಕಲ್ಲಿನ ಕೆಳಗೆ ಆ ಎಲೆ ಅದುರುತ್ತಲೇ ಇತ್ತು.

ಎರಡು ದಿನ ಬಿಟ್ಟು ಅವಳಪ್ಪ ಖಂಡೆಪ್ಪ ಕಾಲೇಜಿಗೆ ಬಂದ, ಸ್ಟಾಫ್ ರೂಮಿನ ಹೊರಗೆ ಕೆರವು ಬಿಟ್ಟು ನಿಂತ, ಬಾಯಾರೆ, ನೀವು ಕಲ್ತವರು, ಖರೆ ಹೇಳ್ರಿ, ಇದು ನೀವು ಕಲಿಸಿದ್ದೇನು. ಸಿಟ್ಟಿನಿಂದ ಕೇಳಲಿಲ್ಲ, ತಿಳಿಯಬೇಕೆಂದೇ ಕೇಳಿದ, ಹೌದು ಅಂದಿದ್ದರೆ ಕುರ್ಚಿ ಎಳೆದು ಕೂತು ಕೇಳುತ್ತಿದ್ದನೋ ಏನೋ. ಅದು ಪರೀಕ್ಷೆಗಷ್ಟೇ ಖಂಡೆಪ್ಪಾ, ಹತ್ತು ಮಾರ್ಕಿಗೆ, ಮಾಡಲಿಕ್ಕಲ್ಲ, ಅಂದೆ, ನನ್ನ ಬಾಯೇ ಅಂದಿತು. ಹಂಗಾರ ನಮ್ಮ ಹುಡಗೀದೇ ತಲಿ ಕೆಟ್ಟದ, ಅಂದ, ಕೈಮುಗಿದು ಹೋದ. ಆಮೇಲೆ ಅವಳ ಕಾಲೇಜು ಬಂದ್, ನಿಲಂಗಾದ ಕಡೆಯ ವರ, ಬರುವ ವಾರ ಅರಿಶಿನ. ನಿನ್ನೆ ಮಧ್ಯಾಹ್ನ ಫೋನು, ಪಿಸುಮಾತು, ಮೇಡಂ, ಇದೊಂದೇ ಪೇಪರ್ ಉಳದದ, ಇದ ಬರದ್ರ ಡಿಗ್ರಿ ಆತದ, ನೀವ ಬಂದ ಕೇಳಿದ್ರ ಅಪ್ಪ ಕಳಸ್ತಾನ, ನಿಮ್ಮ ಮಾತ ಮೀರಂಗಿಲ್ಲ ಅಂವಾ, ಬರ್ತೀರಲ್ರೀ. ನೋಡ್ತೀನವ್ವಾ ಅಂದೆ. ಸಂಜೆಯ ತನಕ ನೋಡಿದೆ, ಸ್ಟ್ಯಾಂಡಿನಲ್ಲಿ ಗುಂಜೋಟಿಯ ಎರಡು ಬಸ್ಸು ಹೋಗುವುದನ್ನು ನೋಡಿದೆ, ಮನೆಗೆ ಹೋಗಿ ರೊಟ್ಟಿ ಬಡಿದೆ.

ಹನ್ನೊಂದೂವರೆ. ಬಾಗಿಲು ನಾನೇ ಮುಚ್ಚಿದೆ, ಅಗಳಿ ಸಲೀಸಾಗಿ ಕೂತಿತು. ಮುಂದಿನ ಬೆಂಚಿನ ಸ್ವಪ್ನಾಲಿ ನನ್ನ ನೋಟ್ಸನ್ನೇ ಅಕ್ಷರ ಬಿಡದೆ ಇಳಿಸುತ್ತಿದ್ದಾಳೆ, ಯಾರೂ ಬಡಿಸಲಿಲ್ಲ, ಆದರೂ ಏಳಲಿಲ್ಲ — ಎಂಟು ಮಾರ್ಕು ಖಂಡಿತ, ದುಂಡಗಿನ ಅಕ್ಷರ. ಕೆಂಪು ಪೆನ್ನು, ಕಾಜಲ, ಗೈರುಹಾಜರು, ಅವಳು ಎಲ್ಲಿ ಗೈರುಹಾಜರು, ಅಂದು ಆ ಪಂಕ್ತಿಗೆ, ನಿನ್ನೆ ಅವಳ ಮನೆಗೆ ಬಾರದೆ ಉಳಿದವಳು ನಾನು, ಸಹಿ ಮಾಡುತ್ತೇನೆ, ಆ ಬೆಂಚಿನ ಕಾಗದ ಮತ್ತೆ ಏಳುತ್ತಿದೆ, ಹಾರಿ ಬೀಳುತ್ತದೆ, ಅಂಗೈ ಇಟ್ಟು ಒತ್ತುತ್ತೇನೆ, ಅಂಗೈಯಡಿ ತಣ್ಣಗೆ, ಎಲೆ, ಎಲೆಯ ಮೇಲೆ ಕಲ್ಲು, ಜಾಗಾ ಹಿಡದೀನಿ ಮೇಡಂ, ಕಲ್ಲು, ಖಾಲಿ ಎಲೆಯ ಮೇಲೆ ಆ ಕಲ್ಲು